ಅಬ್ಬೆಯ ಹರಕೆ ಪುಸ್ತಕ

ನಮ್ಮ ಮನೆಯ ದೇವರ ಕೋಣೆಯ ಮೂಲೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಇದೆ. ಹೂಬತ್ತಿ, ಊದುಬತ್ತಿ, ಕರ್ಪೂರದ ಡಬ್ಬಿ, ಹಳೆಯ ಪಂಚಾಂಗಗಳು, ಊರೂರಿನ ದೇವಸ್ಥಾನಗಳಿಂದ ಬಂದ ಗಂಧಪ್ರಸಾದದ ಪೊಟ್ಟಣಗಳು ಎಲ್ಲವೂ ಅದರೊಳಗೆ ಇರುತ್ತಿದ್ದವು. ಮಡಿಯಲ್ಲಿ ಇಲ್ಲದವರು ಅದನ್ನು ಮುಟ್ಟುವಂತಿರಲಿಲ್ಲವಾದ ಕಾರಣ, ಐವತ್ತೆಂಟು ವರ್ಷ ಆ ಮನೆಯ ಮಗಳಾಗಿದ್ದೂ ನಾನು ಅದರ ತಳವನ್ನು ಕಂಡವಳಲ್ಲ. ಅಬ್ಬೆ ತೀರಿಹೋದದ್ದು 2023ರ ಆಟಿ ತಿಂಗಳಲ್ಲಿ. ಮಳೆ ಬಿಟ್ಟು ಬಿಸಿಲು ಬಂದ ಮೇಲೆ, ಪೆಟ್ಟಿಗೆಗೆ ಒರಲೆ ಹಿಡಿಯಬಾರದೆಂದು ಅಣ್ಣನೂ ನಾನೂ ಅದನ್ನು ಅಂಗಳಕ್ಕೆ ತಂದು ಬರಿದು ಮಾಡಿದಾಗ, ತಳದಲ್ಲಿ ಕೆಂಪು ಪಟ್ಟೆಯ ತುಂಡೊಂದರಲ್ಲಿ ಸುತ್ತಿಟ್ಟ ಮೂರು ಪುಸ್ತಕಗಳು ಸಿಕ್ಕಿದವು. ಪುಸ್ತಕವೆಂದರೆ ಅಚ್ಚಾದ ಪುಸ್ತಕವಲ್ಲ. ನಾವು ಮಕ್ಕಳು ಶಾಲೆಯಲ್ಲಿ ಬರೆದು ಉಳಿಸಿದ ಬಿಳಿ ಹಾಳೆಗಳನ್ನೂ ಕ್ಯಾಲೆಂಡರಿನ ಹಿಂಬದಿಯನ್ನೂ ಒಟ್ಟು ಸೇರಿಸಿ ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದವು. ಮೊದಲನೆಯದರ ಮೇಲೆ ‘ಹರಕೆ’ ಎಂದು ಬರೆದಿತ್ತು.

ಅಬ್ಬೆ ಎಂದರೆ ತಾಯಿ; ಕಾಸರಗೋಡಿನ ಕಡೆಯ ಕುಂಬಳೆ ಸೀಮೆಯ ಹವ್ಯಕರ ಮನೆಗಳಲ್ಲಿ ಹಾಗೆಯೇ ಕರೆಯುವುದು. ಮೊಮ್ಮಕ್ಕಳಿಗೆ ಪುಳ್ಳಿಗಳು ಎನ್ನುತ್ತೇವೆ. ಇನ್ನೊಂದು ಮಾತನ್ನೂ, ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಕಲಿಸಿದ ಟೀಚರಿನ ಅಭ್ಯಾಸಬಲದಿಂದ, ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಮನೆಮಾತಿನಲ್ಲಿ ಹೆಂಗಸರನ್ನು ನಪುಂಸಕಲಿಂಗದಲ್ಲಿ ಹೇಳುವುದು ರೂಢಿ: ಅಕ್ಕ ಬಂತು, ಅಬ್ಬೆ ಹೋತು. ಕ್ಲಾಸಿನಲ್ಲಿ ಲಿಂಗವಿವಕ್ಷೆಯ ಪಾಠ ಮಾಡಿ ಮನೆಗೆ ಬಂದು ‘ಅಬ್ಬೆ ಎಲ್ಲಿ ಹೋತು?’ ಎಂದು ಕೇಳುತ್ತಿದ್ದವಳು ನಾನು. ಬರಹದಲ್ಲಿ ಮಾತ್ರ ‘ಅವಳು’ ಎಂದೇ ಬರೆಯುತ್ತೇನೆ. ಬರೆಯುವಾಗೆಲ್ಲ ಬೇರೆ ಯಾರ ವಿಷಯವನ್ನೋ ಹೇಳುತ್ತಿರುವಂತೆ ಒಂದು ಕ್ಷಣ ಅನಿಸುವುದುಂಟು.

ಅಬ್ಬೆ ಹುಟ್ಟಿದ್ದು 1938ರಲ್ಲಿ, ವಿಟ್ಲದ ಹತ್ತಿರದ ಒಂದು ಹಳ್ಳಿಯಲ್ಲಿ. ಐದನೆಯ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. 1956ರ ಮೇ ತಿಂಗಳಲ್ಲಿ ಮದುವೆಯಾಗಿ ಪೆರ್ಲದ ಕಡೆಯ ನಮ್ಮ ಮನೆಗೆ ಬಂದಳು. ಆಗ ಎರಡೂ ಊರುಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇದ್ದವು. ಆರು ತಿಂಗಳು ತುಂಬುವುದರೊಳಗೆ, ನವೆಂಬರ್ 1ರಂದು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ತವರುಮನೆ ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯವಾಯಿತು. ಹದಿನೆಂಟರ ಹುಡುಗಿಗೆ ಅದು ತಿಳಿದದ್ದು ಅಪ್ಪ ಪೇಟೆಯಿಂದ ತಂದ ಪತ್ರಿಕೆಯಿಂದ. ಮುಂದೆ 1967ರಲ್ಲಿ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿದಾಗ ಅಪ್ಪ ಸಂಭ್ರಮದಿಂದ ಮನೆಯಲ್ಲಿ ಪಾಯಸ ಮಾಡಿಸಿದರಂತೆ. ವರದಿ ಜಾರಿಯಾಗಲಿಲ್ಲ. ಪಾಯಸ ಉಂಡದ್ದಷ್ಟೇ ಲಾಭವೆಂದು ಅಬ್ಬೆ ಆಮೇಲೆಲ್ಲ ಹಾಸ್ಯ ಮಾಡುತ್ತಿದ್ದಳು. ರೇಷನ್ ಕಾರ್ಡಿನಿಂದ ಹಿಡಿದು ಕರೆಂಟು ಬಿಲ್ಲಿನವರೆಗೆ ಮನೆಗೆ ಬರುವ ಸರಕಾರಿ ಕಾಗದಗಳು ಮಲೆಯಾಳದಲ್ಲಿದ್ದವು. ಅವಳು ಅವುಗಳನ್ನು ಓದಲಾರದೆ ಮಡಚಿಟ್ಟು, ಸಹಿ ಹಾಕಬೇಕಾದಲ್ಲಿ ಮಾತ್ರ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆಯುತ್ತಿದ್ದಳು. ಅರುವತ್ತು ದಾಟಿದ ಮೇಲೆ ನನ್ನ ಮಗನ ಮಲೆಯಾಳ ಪಾಠಪುಸ್ತಕವನ್ನು ಹಿಡಿದು, ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಕಲಿತಳು.

ಹರಕೆ ಪುಸ್ತಕದ ಮೊದಲ ನಮೂದು 1962ರದ್ದು. ಆ ವರ್ಷ ಕಾಸರಗೋಡಿನ ಹತ್ತಿರದ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆ ನಡೆಯಿತು. ಗಣಪತಿಯ ಮೂರ್ತಿಯನ್ನೇ ಅಪ್ಪ ಎಂಬ ಸಿಹಿತಿಂಡಿಯ ರಾಶಿಯಿಂದ ಮುಚ್ಚಿಬಿಡುವ ಆ ಸೇವೆ, ಒಂದು ಶತಮಾನಕ್ಕೂ ಮಿಕ್ಕಿದ ಅಂತರದ ಬಳಿಕ ಆಗ ನಡೆದದ್ದು. ಮಧೂರಿನಲ್ಲಿ ಪ್ರಧಾನ ದೇವರು ಮದನಂತೇಶ್ವರ, ಅಂದರೆ ಶಿವ. ಗಣಪತಿ ಗರ್ಭಗುಡಿಯ ಗೋಡೆಯಲ್ಲಿ ಮೂಡಿ ಬಂದವನು ಎಂದು ಐತಿಹ್ಯ. ಆದರೆ ಮಧೂರೆಂದರೆ ಗಣಪತಿ, ಗಣಪತಿಯೆಂದರೆ ಅಪ್ಪ. ಅಣ್ಣನನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಅತ್ತೆಯ ಜೊತೆ ಆ ಮೂಡಪ್ಪವನ್ನು ನೋಡಿ ಬಂದ ಅಬ್ಬೆ, ಹೆರಿಗೆ ಸುಖವಾಗಿ ಆಗಲೆಂದು ಒಂದು ಅಪ್ಪ ಸೇವೆ ಹೇಳಿಕೊಂಡಳು. ಪುಸ್ತಕದಲ್ಲಿ ಅದರ ಬಲಗಡೆಗೆ ಎರಡು ಗೆರೆ ಎಳೆದು ‘ಕೊಟ್ಟಾತು’ ಎಂದು ಬರೆದಿದೆ. ಮುಂದಿನ ಎಲ್ಲ ನಮೂದುಗಳ ಕ್ರಮವೂ ಇದೇ: ಯಾರಿಗೆ, ಏನು ಕಷ್ಟ, ಯಾವ ದೇವರು, ಏನು ಸೇವೆ, ಸಂದಾಯವಾದ ದಿನ ‘ಕೊಟ್ಟಾತು’. ತಾರೀಕುಗಳು ಸೋಣ, ಕನ್ಯೆ, ಬಿಸು ಎಂದು ನಮ್ಮ ಸೌರಮಾನದ ಲೆಕ್ಕದಲ್ಲಿವೆ. ನಾನು ಎಣಿಸಿ ನೋಡಿದೆ. ಮೂರು ಪುಸ್ತಕಗಳಲ್ಲಿ ಒಟ್ಟು 283 ಹರಕೆಗಳಿವೆ. ಅವಳು ತನಗಾಗಿ ಹೇಳಿಕೊಂಡದ್ದು ಎರಡು. ಒಂದು ಆ ಹೆರಿಗೆಯದ್ದು. ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ಅವಳ ದಿನಚರಿಯನ್ನು ವಿವರಿಸಲು ಹೆಚ್ಚೇನೂ ಇಲ್ಲ, ಆ ಕಾಲದ ಅಂತಹ ಮನೆಗಳ ಎಲ್ಲ ಹೆಂಗಸರದ್ದೂ ಹಾಗೆಯೇ ಇತ್ತು. ನಾಲ್ಕೂವರೆಗೆ ಎದ್ದು ಮಿಂದು ತುಳಸಿಕಟ್ಟೆಗೆ ನೀರೆರೆದು, ಹಟ್ಟಿಯಲ್ಲಿ ಗಿಡ್ಡ ದನಗಳ ಹಾಲು ಕರೆದು, ಎಂಟು ಗಂಟೆಗೆ ಹತ್ತು ಮಂದಿಗೆ ತೆಳ್ಳವು ಎರೆಯುವುದು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಭಜನೆ. ಸೋಣ ಶನಿವಾರಗಳಲ್ಲಿ ಒಪ್ಪೊತ್ತು. ಮನೆಗೆ ಬಂದವರು ಯಾರೇ ಆಗಲಿ ‘ಉಂಡಿಕ್ಕಿ ಹೋಗು’ ಎಂಬ ಮಾತು ಕೇಳದೆ ಅಂಗಳ ದಾಟುವಂತಿರಲಿಲ್ಲ. ಅಬ್ಬೆಯ ಭಕ್ತಿಯಲ್ಲಿ ಅವಳದ್ದೇ ಎನ್ನುವಂಥದ್ದು ಏನಾದರೂ ಇದ್ದರೆ ಅದು ಈ ಲೆಕ್ಕ ಬರೆಯುವ ಬುದ್ಧಿ.

ನಾನು ಟ್ರೈನಿಂಗ್ ಮುಗಿಸಿ ಹೊಸತಾಗಿ ಕೆಲಸಕ್ಕೆ ಸೇರಿದ್ದ ದಿನಗಳಲ್ಲಿ, ಎಲ್ಲದಕ್ಕೂ ವಾದ ಹೂಡುವ ಹುಮ್ಮಸ್ಸಿನಲ್ಲಿ, ಹರಕೆಯೆಂದರೆ ದೇವರಿಗೆ ಕೊಡುವ ಲಂಚವಲ್ಲವೇ ಎಂದು ಅವಳನ್ನು ಕೇಳಿದ್ದೆ. ಅವಳು ಹಲಸಿನ ಸೊಳೆ ಬಿಡಿಸುತ್ತಿದ್ದಳು. ಮೇಣದ ಕೈಗೆ ತೆಂಗಿನೆಣ್ಣೆ ಉಜ್ಜಿಕೊಳ್ಳುತ್ತಾ, ನನ್ನ ಮುಖವನ್ನೂ ನೋಡದೆ ಹೇಳಿದಳು: “ಲಂಚ ಮದಲು ಕೊಡುದು, ಹರಕೆ ಮತ್ತೆ ಕೊಡುದು. ಅಷ್ಟೂ ಗೊಂತಿಲ್ಲೆಯಾ ಟೀಚರಿಂಗೆ?” ಅಡಿಗೆಮನೆಯಲ್ಲಿದ್ದವರೆಲ್ಲ ನಕ್ಕರು. ನನಗೆ ಸೋತದ್ದಕ್ಕಿಂತ, ಅವಳು ಈ ಪ್ರಶ್ನೆಯನ್ನು ಮೊದಲೇ ತನ್ನೊಳಗೆ ಕೇಳಿಕೊಂಡು ಉತ್ತರ ಕಂಡುಕೊಂಡಿದ್ದಾಳೆ ಎನ್ನುವುದು ಹೆಚ್ಚು ಚುಚ್ಚಿತು.

ಪುಟಗಳನ್ನು ತಿರುಗಿಸುತ್ತಾ ಹೋದಂತೆ ಊರಿನ ಚರಿತ್ರೆಯೇ ಅದರಲ್ಲಿ ಕಾಣುತ್ತದೆ. 1974ರ ನಮೂದು ನಮ್ಮ ಗುಡ್ಡದ ಸುರಂಗದ್ದು. ನೀರಿಗಾಗಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಜಾಗ ಮಾಡಿಕೊಂಡು, ಮೇಣದಬತ್ತಿಯ ಬೆಳಕಿನಲ್ಲಿ ಒಳಗೊಳಗೆ ಹೋಗುವ ಕೆಲಸ ಅದು. ಬತ್ತಿ ಮಂಕಾಯಿತೆಂದರೆ ಗಾಳಿ ಸಾಲದೆಂದು ಅರ್ಥ, ಆಳು ಹೊರಗೆ ಬರಬೇಕು. ಮೂವತ್ತು ಕೋಲು ಹೋದರೂ ಗೋಡೆ ಬೆವರಲಿಲ್ಲ. ಒಂದು ಮಧ್ಯಾಹ್ನ ಒಳಗೆ ಮಣ್ಣು ಕುಸಿದು ಅಗೆಯುವವನು ಅರ್ಧ ಗಳಿಗೆ ಸಿಕ್ಕಿಬಿದ್ದಾಗ ಅಬ್ಬೆ ಅಡೂರಿನ ಮಹಾಲಿಂಗೇಶ್ವರನಿಗೆ ರುದ್ರಾಭಿಷೇಕ ಹೇಳಿಕೊಂಡಳು. ನೀರಿಗಾಗಿ ಅಲ್ಲ, ಆ ಮನುಷ್ಯನಿಗಾಗಿ. ಅವನು ಬದುಕಿ ಬಂದ. ನೀರೂ ಮುಂದಿನ ವರ್ಷ ಬಂತು. ಅಡಕೆ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುವ ಅದರ ಸದ್ದು ಇಂದಿಗೂ ನಮ್ಮ ಮನೆಯಲ್ಲಿ ಕೇಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಬ್ಬೆ ಆ ನೀರಿನಲ್ಲಿ ಮಿಂದೇ ಪೂಜೆಗೆ ಕೂರುತ್ತಿದ್ದಳು.

1990ರ ಸೋಣ ತಿಂಗಳಲ್ಲಿ ಹೀಗಿದೆ: ‘ಬ್ಯಾರಿಗಳ ಮಗ, ಕುವೈಟು. ಮಧೂರು ಅಪ್ಪ 1.’ ನಮ್ಮ ಅಡಕೆ ಕೊಳ್ಳುತ್ತಿದ್ದ ಮುಸ್ಲಿಂ ವ್ಯಾಪಾರಿ, ಬ್ಯಾರಿಗಳ ಹಿರಿಯ ಮಗ ಕುವೈಟಿನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಆಗಸ್ಟ್ 2ರಂದು ಇರಾಕಿನ ಸೈನ್ಯ ಅಲ್ಲಿಗೆ ನುಗ್ಗಿದ ಮೇಲೆ ಅವನ ಸುದ್ದಿಯೇ ಇರಲಿಲ್ಲ. ಕಾಸರಗೋಡಿನಲ್ಲಿ ಆ ತಿಂಗಳು ಹಾಗೆ ಅನ್ನ ಸೇರದ ತಾಯಂದಿರು ಊರಿಗೆ ಹತ್ತಾರು ಮಂದಿ ಇದ್ದರು. ಅವನ ಉಮ್ಮ ತಳಂಗರೆಯ ಮಾಲಿಕ್ ದೀನಾರ್ ಪಳ್ಳಿಗೆ (ಮಸೀದಿಗೆ) ಹರಕೆ ಹೇಳಿಕೊಂಡಿದ್ದಳು. ಒಂದು ದಿನ ನಮ್ಮ ಜಗಲಿಯಲ್ಲಿ ಕುಳಿತು ಅತ್ತು ಹೋದ ಮೇಲೆ ಅಬ್ಬೆಯೂ ತನ್ನ ಪುಸ್ತಕದಲ್ಲಿ ಬರೆದಳು. ಅಮ್ಮಾನಿನ ದಾರಿಯಾಗಿ ವಿಮಾನಗಳಲ್ಲಿ ಭಾರತೀಯರನ್ನು ಕರೆತಂದರಲ್ಲ, ಲಕ್ಷಕ್ಕೂ ಮಿಕ್ಕಿದ ಆ ಜನರೊಳಗೆ ಅವನೂ ಒಬ್ಬನಾಗಿ, ಒಂದು ಚೀಲವೂ ಇಲ್ಲದೆ ಮುಂಬಯಿಗೆ ಇಳಿದು ಊರು ಸೇರಿದ. ಸೇವೆಯ ಹಣ ತಾವು ಕೊಡುತ್ತೇವೆಂದು ಬ್ಯಾರಿಗಳು ಹಟ ಹಿಡಿದರು. ನೀವು ಕೊಟ್ಟರೆ ಅದು ನಿಮ್ಮ ಹರಕೆಯಾಗುತ್ತದೆ, ನನ್ನದು ಹಾಗೆಯೇ ಬಾಕಿ ಉಳಿಯುತ್ತದೆ ಎಂದು ಅಬ್ಬೆ ಒಪ್ಪಲಿಲ್ಲ. ಅಪ್ಪದ ಪಾಲು ಮಾತ್ರ ಅವರ ಮನೆಗೆ ಹೋಯಿತು. ಯಾರ ಹರಕೆಯಿಂದ ಮಗ ಬಂದನೆಂಬ ಪ್ರಶ್ನೆಯನ್ನು ಆ ಇಬ್ಬರು ತಾಯಂದಿರಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಅಬ್ಬೆಯ ಚಿತ್ರ ಸುಳ್ಳಾಗುತ್ತದೆ. ನಮ್ಮ ತೋಟದಲ್ಲಿ ನಲುವತ್ತು ವರ್ಷ ದುಡಿದ ಒಬ್ಬ ಹೆಂಗಸಿದ್ದಳು. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು, ಅಬ್ಬೆಗಿಂತ ಎರಡು ವರ್ಷ ದೊಡ್ಡವಳು. ಅವಳಿಗೆ ಊಟ ಹಿತ್ತಲಿನ ಜಗಲಿಯಲ್ಲಿ, ಬಾಳೆಎಲೆಯಲ್ಲಿ. ನೀರು ಮೇಲಿಂದ ಕೈಗೆ ಎರೆಯುವುದು. ಅಬ್ಬೆಯ ಕೈ ಅವಳ ಕೈಗೆ ತಾಗದಂತೆ ಆ ಚೆಂಬು ವಾಲುತ್ತಿದ್ದ ರೀತಿ ನನ್ನ ಕಣ್ಣಲ್ಲಿ ಹಾಗೆಯೇ ಇದೆ. ನಾನು ದೊಡ್ಡವಳಾದ ಮೇಲೆ ಜಗಳವಾಡಿದೆ, ಅತ್ತೆ, ಊಟ ಬಿಟ್ಟೆ. ಅಬ್ಬೆ ಬದಲಾಗಲಿಲ್ಲ, ತನ್ನ ಹಿರಿಯರು ಹೇಳಿದ್ದೆಂದಷ್ಟೇ ಹೇಳಿದಳು. ಆದರೆ ಪುಸ್ತಕದಲ್ಲಿ ಆ ಹೆಂಗಸಿನ ಹೆಸರಿನಲ್ಲಿ ಒಂಬತ್ತು ಹರಕೆಗಳಿವೆ: ಗರ್ಭಕೋಶದ ಆಪರೇಶನ್, ಮಗಳ ಮದುವೆ, ಗಂಡನ ಕುಡಿತ, ಹಾವು ಕಚ್ಚಿದ್ದು. ಕೈ ತಾಗಿಸಿಕೊಳ್ಳದವಳಿಗಾಗಿ ಒಂಬತ್ತು ಬಾರಿ ದೇವರ ಮುಂದೆ ಸಾಲಗಾರಳಾಗಿ ನಿಂತಿದ್ದಾಳೆ. ಇವೆರಡೂ ಒಂದೇ ಮನಸ್ಸಿನಲ್ಲಿ ಹೇಗೆ ಇದ್ದವೆಂದು ನನಗೆ ಇಂದಿಗೂ ಹೊಂದಿಸಲಾಗುತ್ತಿಲ್ಲ. ಕೊನೆಗಾಲದಲ್ಲಿ ಅಬ್ಬೆ ಮಲಗಿದಾಗ ಅವಳನ್ನು ಎತ್ತಿ ಕೂರಿಸಿ ಮೈ ಒರೆಸಿದ್ದು ಆ ಹೆಂಗಸಿನ ಮಗಳೇ. ಅಷ್ಟು ಹೊತ್ತಿಗೆ ಮಡಿ ಎಂಬ ಮಾತು ಅಬ್ಬೆಯ ಬಾಯಿಂದ ಹೋಗಿತ್ತು; ಮನಸ್ಸಿನಿಂದ ಹೋಗಿತ್ತೋ ಶಕ್ತಿ ಇಲ್ಲದೆ ಹೋಗಿತ್ತೋ ಹೇಳಲಾರೆ.

ಎರಡನೆಯ ಪುಸ್ತಕದಲ್ಲಿ, 1986ರಿಂದ ಪ್ರತಿ ವರ್ಷ ಬಿಸುವಿನ, ಅಂದರೆ ಸೌರಯುಗಾದಿಯ, ಹೊತ್ತಿಗೆ ಒಂದೇ ನಮೂದು ಮರುಕಳಿಸುತ್ತದೆ: ‘ಆಚಕರೆ ಮಗು. ಕೊರಳು ನಿಲ್ಲಲಿ.’ ನಮ್ಮ ಕಡೆಯ ಗುಡ್ಡಗಳ ಗೇರುತೋಟಗಳಿಗೆ ಆಗ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ತೊಡಗಿ 2000ದವರೆಗೂ ಅದು ನಡೆಯಿತು. ಹೆಲಿಕಾಪ್ಟರ್ ಬಂದಿತೆಂದರೆ ನಾವು ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಅದರಿಂದ ಇಳಿಯುವ ಹೊಗೆಯಂಥ ಹನಿ ಕೆಳಗಿನ ತೋಡಿಗೂ ಹುಲ್ಲಿಗೂ ಬೀಳುತ್ತಿತ್ತು. ಆಚಕರೆಯ ಮನೆಯಲ್ಲಿ ಹುಟ್ಟಿದ ಆ ಮಗುವಿನ ತಲೆ ದೊಡ್ಡದಾಗುತ್ತಾ ಹೋಯಿತು, ಕೊರಳು ನಿಲ್ಲಲೇ ಇಲ್ಲ. ಅಂಥ ಮಕ್ಕಳು ಪಡ್ರೆ, ಸ್ವರ್ಗದ ಕಡೆಯಲ್ಲಿ ಮನೆ ಬಿಟ್ಟು ಮನೆಗೆ ಇದ್ದರು; ಜನ ಅದನ್ನು ದೈವದ ಮುನಿಸು, ನಾಗನ ದೋಷ ಎಂದು ತಿಳಿದಿದ್ದರು. ಅಬ್ಬೆಯೂ ಹಾಗೆಯೇ ತಿಳಿದಿದ್ದಳು. ಆ ಹರಕೆಗಳಲ್ಲಿ ನಾಗನಿಗೆ ಸಲ್ಲಿಸುವ ತಂಬಿಲಗಳೇ ಹೆಚ್ಚು. ಮಗು ಎಂಟು ವರ್ಷ ಬದುಕಿತು. ಎಂಟು ಹರಕೆಗಳ ಎದುರಿಗೂ, ಒಂದೂ ಫಲಿಸದಿದ್ದರೂ, ‘ಕೊಟ್ಟಾತು’ ಎಂದಿದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿದ ಸುದ್ದಿಯನ್ನು ನಾನು ಓದಿ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, “ನಾಗಂಗೆ ಎಂತಕೆ ಬೈದೆಯೊ ಎಂಗೊ” ಎಂದಳು. ನಾಗನನ್ನು ನಾವು ಯಾಕೆ ಬೈದೆವೋ ಎಂದು.

ಅಪ್ಪನ ಹರಕೆಯ ಕತೆಯನ್ನು ನಾನು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. 1998ರಲ್ಲಿ, ಅಡಕೆಗೆ ಎರಡನೆಯ ಸುತ್ತಿನ ಮದ್ದು ಬಿಡುವ ಸಮಯ. ಕೊಳೆರೋಗಕ್ಕೆ ಮೈಲುತುತ್ತು ಸುಣ್ಣ ಕಲಸಿಕೊಡುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ತೋಟದ ಕಟ್ಟಪುಣಿಯಲ್ಲಿ ಕುಳಿತರು. ಮಂಗಳೂರಿನ ಆಸ್ಪತ್ರೆಗೆ ಜೀಪಿನಲ್ಲಿ ಕೊಂಡುಹೋಗುವಾಗ ಹಿಂದಿನ ಸೀಟಿನಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅಬ್ಬೆ, ಕಟೀಲು ಮೇಳದ ಒಂದು ಆಟ ಆಡಿಸುತ್ತೇನೆಂದು ದೇವಿಗೆ ಹೇಳಿಕೊಂಡಳು. ಅದು ಅಪ್ಪದಂತೆ ಪಾಯಸದಂತೆ ಸಣ್ಣ ಹರಕೆಯಲ್ಲ. ಒಂದು ಇಡೀ ರಾತ್ರಿಯ ಯಕ್ಷಗಾನ, ಊರಿಗೆಲ್ಲ ಊಟ. ಅಪ್ಪ ಆಟದ ಹುಚ್ಚಿನವರು, ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಿದ್ದವರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಹುಟ್ಟಿ ಅಷ್ಟೂ ಬಾರದಿದ್ದರೆ ಹೇಗೆ ಎನ್ನುತ್ತಿದ್ದರು. ಅವರು ಮೂರನೆಯ ದಿನ ತೀರಿಕೊಂಡರು.

ವರ್ಷಾಂತ ಕಳೆದ ಮೇಲೆ ಅಬ್ಬೆ ಅಣ್ಣನನ್ನು ಕರೆದು, ಕಟೀಲಿಗೆ ಹೋಗಿ ಆಟಕ್ಕೆ ಹೆಸರು ಕೊಟ್ಟು ಬಾ ಎಂದಳು. ನನಗೆ ಕೋಪವೂ ದುಃಖವೂ ಒಟ್ಟಿಗೆ ಬಂದವು. ಉಳಿಸಿಕೊಡು ಎಂದು ಕೇಳಿದ್ದು, ಉಳಿಸಲಿಲ್ಲ. ಇನ್ನು ಕೊಡುವುದೇನನ್ನು? ಹಾಗೆಂದು ಬಾಯಿಬಿಟ್ಟೇ ಕೇಳಿದೆ. ಅವಳು ದೀಪದ ಬತ್ತಿ ಹೊಸೆಯುತ್ತಿದ್ದಳು. “ಹೇಳಿದ ಮತ್ತೆ ಕೊಡೆಕ್ಕು ಕೂಸೆ. ದೇವರು ಕೇಳಿದ್ದವು ಹೇಳಿ ಅಲ್ಲ, ಆನು ಹೇಳಿದ್ದೆ ಹೇಳಿ” ಎಂದಳು. ದೇವರು ಕೇಳಿದರೆಂದಲ್ಲ, ನಾನು ಹೇಳಿದ್ದೇನೆಂದು. ನಾನು ಉತ್ತರ ಕೊಡಲಿಲ್ಲ, ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಕಟೀಲು ಮೇಳದ ಹರಕೆ ಆಟಗಳಿಗೆ ವರ್ಷಗಟ್ಟಲೆ ಕಾಯಬೇಕು; ನಮ್ಮ ಸರದಿ ಬಂದದ್ದು 2009ರಲ್ಲಿ, ಅಪ್ಪ ಹೋಗಿ ಹನ್ನೊಂದು ವರ್ಷಗಳ ಬಳಿಕ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಹಾಕಿದರು. ಸಂಜೆ ಮೇಳದ ದೇವರನ್ನು ಮನೆಯಿಂದ ಚೌಕಿಗೆ, ಅಂದರೆ ವೇಷ ಕಟ್ಟುವ ಬಿಡಾರಕ್ಕೆ, ಮೆರವಣಿಗೆಯಲ್ಲಿ ಕರೆದುಕೊಂಡು ಹೋದೆವು. ಅಬ್ಬೆಗೆ ಆಗ ಎಪ್ಪತ್ತೊಂದು. ಕುರ್ಚಿ ಬೇಡವೆಂದು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕುಳಿತಳು, ಎಡಬಲಕ್ಕೆ ಇಬ್ಬರು ಪುಳ್ಳಿಗಳು. ನಡುರಾತ್ರಿ ದಾಟಿ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ, ರಾಳದ ಹುಡಿ ಭಗ್ಗೆಂದು ಹತ್ತುತ್ತಿರಲು, ಜನರ ನಡುವಿನಿಂದಲೇ ಆರ್ಭಟಿಸುತ್ತಾ ಬಂದಾಗ ಹನ್ನೆರಡು ವರ್ಷದ ನನ್ನ ಮಗಳು ಹೆದರಿ ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಳು. ಬೆಳಗಿನ ಜಾವದ ಮಂಗಳದವರೆಗೆ ಅಬ್ಬೆ ಕಣ್ಣು ಮುಚ್ಚಲಿಲ್ಲ. ಎಲ್ಲರೂ ಎದ್ದ ಮೇಲೆ ಚಾಪೆ ಮಡಚುತ್ತಾ, “ಇವಕ್ಕೆ ಭಾಗವತರ ಪದ ಕೊಶಿ ಆವ್ತಿತು” ಎಂದಳು. ಅಪ್ಪನ ವಿಷಯವಾಗಿ ಅವಳು ಆ ರಾತ್ರಿ ಆಡಿದ ಮಾತು ಅಷ್ಟೇ.

ಪುಳ್ಳಿಗಳ ಮಟ್ಟಿಗೆ ಅವಳು ಬೇರೆಯೇ ಮನುಷ್ಯಳು. ನಮಗೆ ಸಿಗದ ಮುದ್ದೆಲ್ಲ ಅವರಿಗೆ ಸಿಕ್ಕಿತು. ಬಿಸುವಿನ ಬೆಳಗ್ಗೆ ಕಣಿ ನೋಡಲು ಅವರ ಕಣ್ಣು ಮುಚ್ಚಿ ದೇವರ ಕೋಣೆಗೆ ನಡೆಸಿ, ಹರಿವಾಣದ ಅಕ್ಕಿ, ಸೌತೆಕಾಯಿ, ಗೇರುಹಣ್ಣು, ಕನ್ನಡಿ, ಚಿನ್ನದ ಸರಗಳ ಮುಂದೆ ಕೈ ತೆಗೆಯುತ್ತಿದ್ದಳು. ಕನ್ನಡಿಯಲ್ಲಿ ಕಾಣುವುದು ತನ್ನದೇ ಮುಖವಲ್ಲವೇ ಎಂದು ಮಗ ಕೇಳಿದರೆ, ವರ್ಷಕ್ಕೊಮ್ಮೆ ಅದನ್ನೂ ಸರಿಯಾಗಿ ನೋಡಬೇಕು ಎನ್ನುತ್ತಿದ್ದಳು. ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ರಾತ್ರಿ ಬಸ್ಸಿನಲ್ಲಿ ಹಪ್ಪಳ, ಸಾಂತಾಣಿ, ಮಾಂಬಳ, ಉಪ್ಪು ಸೊಳೆಯ ಭರಣಿ ಹೊರಡುತ್ತಿದ್ದವು. ಒಮ್ಮೆ ಭರಣಿ ಒಡೆದು ಬಸ್ಸಿನ ಡಿಕ್ಕಿ ಪೂರ್ತಿ ಉಪ್ಪುನೀರು ನಾರಿದ ಕತೆ ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ಅವನಿಗೆ ಎಂಟು ವರ್ಷವಾಗಿದ್ದಾಗ ಅಬ್ಬೆ ಅವನನ್ನು ಅನಂತಪುರದ ಸರೋವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿಯ ಕೆರೆಯ ಮೊಸಳೆ ಬಬಿಯಾ ದೇವರ ನೈವೇದ್ಯದ ಅನ್ನವನ್ನೇ ಉಣ್ಣುತ್ತಿತ್ತೆಂಬುದು ಪ್ರಸಿದ್ಧ. ಮೂರು ಗಂಟೆ ಕಾದರೂ ಅದು ತಲೆ ಎತ್ತಲಿಲ್ಲ. ಮಗ ಅತ್ತ. ಅಬ್ಬೆ ಅಲ್ಲಿಯೇ, ಪುಳ್ಳಿಗೆ ಮೊಸಳೆ ಕಾಣಲೆಂದು ತುಪ್ಪದ ದೀಪ ಹೇಳಿಕೊಂಡಳು; ಅದೂ ಪುಸ್ತಕದಲ್ಲಿದೆ. ನಾಲ್ಕನೆಯ ಗಂಟೆಗೆ ಮೊಸಳೆ ಗುಹೆಯ ಬಾಯಿಗೆ ಬಂದು ಮಲಗಿತು. 2022ರ ಅಕ್ಟೋಬರಿನಲ್ಲಿ ಬಬಿಯಾ ಸತ್ತ ಸುದ್ದಿಯನ್ನು ಬೆಂಗಳೂರಿನಿಂದ ಫೋನು ಮಾಡಿ ಅವಳಿಗೆ ಹೇಳಿದವನು ಅವನೇ. “ಅದಕ್ಕೂ ಪ್ರಾಯ ಆತು ಮಾಣಿ, ಎನಗೂ ಆತು” ಎಂದಳಂತೆ.

ಈಗ ಅವಳು ತನಗಾಗಿ ಹೇಳಿಕೊಂಡ ಎರಡನೆಯ ಹರಕೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾದ ಕಾರಣದಿಂದ ಕಾಸರಗೋಡಿನ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಿದರು. ಪೆರ್ಲದಿಂದ ಸಾರಡ್ಕ, ಅಡ್ಯನಡ್ಕದ ಮೇಲೆ ವಿಟ್ಲಕ್ಕೆ ಹೋಗುವ ದಾರಿ ಅಬ್ಬೆ ಅರುವತ್ತನಾಲ್ಕು ವರ್ಷ ತಿರುಗಾಡಿದ ದಾರಿ. ಬಸ್ಸಿಲ್ಲದ ಕಾಲದಲ್ಲಿ ನಮ್ಮನ್ನು ಸೊಂಟದಲ್ಲಿ ಹೊತ್ತು ನಡೆದ ದಾರಿ. ಆ ದಿನಗಳಲ್ಲಿ ತವರುಮನೆಯಲ್ಲಿ ಅವಳ ತಮ್ಮ, ಎಂಬತ್ತು ವರ್ಷದವರು, ಹಾಸಿಗೆ ಹಿಡಿದಿದ್ದರು. ಅಬ್ಬೆಯ ಕಡೆಯಿಂದ ಉಳಿದಿದ್ದ ಒಬ್ಬರೇ ಒಡಹುಟ್ಟಿದವರು. ದಿನಾ ಬೆಳಗ್ಗೆ ಅವಳ ಫೋನು ಬರುತ್ತಿತ್ತು: “ಮಣ್ಣು ತೆಗದವಾ ಕೂಸೆ?” ನಾನು ಇಲ್ಲವೆನ್ನುತ್ತಿದ್ದೆ. ರಾಜ್ಯ ಎರಡಾಗಿ ಇಷ್ಟು ವರ್ಷವಾದರೂ ಗಡಿಯೆಂಬುದು ಅವಳಿಗೆ ಕಾಗದದ ಮೇಲಿನ ಸಂಗತಿಯಾಗಿತ್ತು. ಎಂಬತ್ತೆರಡನೆಯ ವಯಸ್ಸಿನಲ್ಲಿ ಅದಕ್ಕೊಂದು ಎತ್ತರ ಬಂತು. ಏಪ್ರಿಲಿನಲ್ಲಿ ತಮ್ಮ ಹೋದರು. ಅಬ್ಬೆ ಸುರಂಗದ ನೀರಿನಲ್ಲಿ ಮಿಂದು, ಒದ್ದೆ ಸೀರೆಯಲ್ಲಿಯೇ ಮೂಡುಗಡೆಯ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕುಳಿತಿದ್ದಳಂತೆ.

ಮೂರನೆಯ ಪುಸ್ತಕದಲ್ಲಿ ಸಂದಾಯವಾಗದೆ ಉಳಿದದ್ದು ಮೂರು. ಒಂದು, ನನ್ನ ಅಣ್ಣನ ಮೊಮ್ಮಗುವಿನ ಚರ್ಮದ ಕಜ್ಜಿಗೆ ಮುಜುಂಗಾವಿನ ತೀರ್ಥಸ್ನಾನ. ಇನ್ನೊಂದು, ಅತ್ತಿಗೆಯ ಕಳೆದುಹೋದ ಬೆಂಡೋಲೆ ಸಿಕ್ಕಿದರೆ ಗುಳಿಗ ದೈವಕ್ಕೆ ಒಂದು ಬೊಂಡ, ಅಂದರೆ ಎಳನೀರು. ಓಲೆ ಸಿಕ್ಕಿಯೂ ಬೊಂಡ ಕೊಡುವುದು ಹೇಗೆ ಮರೆಯಿತೋ, ಅವಳ ಜೀವಮಾನದಲ್ಲಿ ಮರೆತು ಉಳಿದ ಏಕೈಕ ಬಾಕಿ ಅದು. ಮೂರನೆಯದು ನಡುಗುವ ಅಕ್ಷರಗಳಲ್ಲಿತ್ತು: ‘ಮಾರ್ಗ ಬಿಡಲಿ. ತಮ್ಮನ ಒಂದರಿ ಕಾಂಬಲೆ ಎಡಿಯಲಿ. ಮಧೂರು ಮೂಡಪ್ಪಕ್ಕೆ ಅಕ್ಕಿ 1 ಮುಡಿ.’ ದಾರಿ ಬಿಡಲಿ, ತಮ್ಮನನ್ನು ಒಮ್ಮೆ ನೋಡಲಾಗಲಿ ಎಂದು. ಮಧೂರಿನಲ್ಲಿ ಆಗ ಜೀರ್ಣೋದ್ಧಾರದ ಕೆಲಸ ನಡೆಯುತ್ತಿತ್ತು, ಮುಗಿದ ಮೇಲೆ ಮೂಡಪ್ಪ ಎಂಬ ಮಾತು ಊರಲ್ಲಿತ್ತು. 1962ರದ್ದನ್ನೂ 1992ರದ್ದನ್ನೂ ನೋಡಿದ್ದವಳು ಮುಂದಿನದಕ್ಕೆ ಕಾದಿದ್ದಳು.

ಸೂತಕದ ವರ್ಷ ಕಳೆಯುವವರೆಗೆ ಸುಮ್ಮನಿದ್ದೆವು. ಗುಳಿಗನಿಗೆ ಒಂದರ ಬದಲು ಎರಡು ಬೊಂಡ ಇಟ್ಟೆವು, ಬಡ್ಡಿ ಸೇರಿಸಿ. 2024ರ ತುಲಾ ಸಂಕ್ರಮಣದಂದು ಮುಜುಂಗಾವಿನ ಕೆರೆಯಲ್ಲಿ ಮಗುವನ್ನು ಮೀಯಿಸಿ ಹುರುಳಿ ಅಕ್ಕಿ ಹಾಕಿ ಬಂದೆವು. ಮೂಡಪ್ಪ 2025ರಲ್ಲಿ ಬಂತು. ಅಕ್ಕಿ ಮುಡಿಯ ಮಾತು ಬಂದಾಗ, ಪೂರ್ತಿ ಬೆಂಗಳೂರಿನವನೇ ಆಗಿಬಿಟ್ಟಿರುವ ನನ್ನ ಮಗ ಫೋನಿನಲ್ಲಿ ಕೇಳಿದ, ಅಜ್ಜಿಗೆ ತಮ್ಮನನ್ನು ನೋಡಲಾಗಲಿಲ್ಲವಲ್ಲ, ಅದನ್ನು ಕೊಡಬೇಕೇ ಎಂದು. ಅಣ್ಣ ನನ್ನ ಮುಖ ನೋಡಿದ. ಇಪ್ಪತ್ತಾರು ವರ್ಷಗಳ ಹಿಂದೆ ಅದೇ ಪ್ರಶ್ನೆ ಕೇಳಿದವಳು ನಾನೇ ಎನ್ನುವುದು ಅವನಿಗೆ ನೆನಪಿತ್ತು.

ಅಕ್ಕಿಯೇನೋ ಪೇಟೆಯಲ್ಲಿ ಗೋಣಿಯಲ್ಲಿ ಸಿಗುತ್ತದೆ. ಆದರೆ ಅವಳು ಬರೆದದ್ದು ಮುಡಿ. ಬೈಹುಲ್ಲನ್ನು ಹಾಸಿ, ನಲುವತ್ತೆರಡು ಸೇರು ಅಕ್ಕಿಯನ್ನು ಸುರಿದು, ಹುಲ್ಲಿನ ಬಳ್ಳಿಯಿಂದ ಬಿಗಿದು ಬಿಗಿದು ಚೆಂಡಿನಂತೆ ಕಟ್ಟುವ ವಿದ್ಯೆ ಬಲ್ಲವರು ಈಗ ಊರಿಗೊಬ್ಬರಿಲ್ಲ. ಗದ್ದೆಗಳೆಲ್ಲ ಅಡಕೆ ತೋಟ, ರಬ್ಬರ್ ತೋಟಗಳಾಗಿ ಬೈಹುಲ್ಲೂ ಇಲ್ಲ. ಅಣ್ಣ ಎರಡು ವಾರ ತಿರುಗಿ, ಕೊನೆಗೆ ಅಬ್ಬೆಯ ತವರಿನ ಕಡೆಯಿಂದಲೇ ಹುಲ್ಲು ತಂದ. ಮುಡಿ ಕಟ್ಟಿದ್ದು ಸುರಂಗದಲ್ಲಿ ಸಿಕ್ಕಿಬಿದ್ದಿದ್ದ ಮನುಷ್ಯನ ತಮ್ಮ, ಎಪ್ಪತ್ತೆಂಟರ ಮುದುಕ. ಒಂದು ಇಡೀ ಮಧ್ಯಾಹ್ನ ನಮ್ಮ ಒಳಜಗಲಿಯಲ್ಲಿ ಕುಳಿತು, ಅಬ್ಬೆ ಇದ್ದಿದ್ದರೆ ಅವನನ್ನು ಕೂರಿಸದೇ ಇದ್ದ ಜಾಗದಲ್ಲಿ ಕುಳಿತು, ಕಟ್ಟಿದ.

ಹೊರೆಕಾಣಿಕೆಯ ದಿನ ಮಧೂರಿನಲ್ಲಿ ಅಕ್ಕಿಯ ಗೋಣಿಗಳ, ತೆಂಗಿನಕಾಯಿಯ, ಬೆಲ್ಲದ ಡಬ್ಬಿಗಳ ರಾಶಿಯ ನಡುವೆ ನಮ್ಮ ಮುಡಿಯನ್ನು ಇಳಿಸಿದೆವು. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗ ಪೆನ್ನು ನಿಲ್ಲಿಸಿ, ಇದು ಎಷ್ಟು ಕೆ.ಜಿ. ಎಂದು ಕೇಳಿದ. ಒಂದು ಮುಡಿ ಎಂದೇ ಬರೆಯಪ್ಪಾ ಎಂದು ಅಣ್ಣ ಹೇಳಿದ.

ಮನೆಗೆ ಬಂದು ಮಿಂದು, ಮಡಿ ಸೀರೆ ಉಟ್ಟು, ಪೆಟ್ಟಿಗೆಯಿಂದ ಪುಸ್ತಕ ತೆಗೆದೆ. ಬರೆಯುವ ಮೊದಲು ಪೆನ್ನು ಹಿಡಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತು. ‘ಸಂದಾಯವಾಗಿದೆ’ ಎಂದು ಬರೆಯಲು ಹೊರಟಿದ್ದೆ, ಸಾವಿರಾರು ಮಕ್ಕಳ ಪುಸ್ತಕ ತಿದ್ದಿದ ಕೈಯ ಅಭ್ಯಾಸ ಅದು. ಮನೆಮಾತಿನಲ್ಲಿ ಒಂದು ಅಕ್ಷರವನ್ನೂ ನಾನು ಅಲ್ಲಿಯವರೆಗೆ ಬರೆದವಳಲ್ಲ. ಆಮೇಲೆ ಅವಳ ಗೆರೆಯ ಕೆಳಗೆ ಎರಡು ಗೆರೆ ಎಳೆದು, ‘ಕೊಟ್ಟಾತು’ ಎಂದು ಬರೆದೆ.